ಹುಚ್ಚು ಹಿಡಿಸೋದು ಗೊತ್ತು, ಮನೆಗೆ ವಾಪಸ್ ಕರಕೊಂಡು ಬರೋದು ಗೊತ್ತಿಲ್ಲ: ನಮ್ಮ ಸಿನಿಮಾ, ಕಾದಂಬರಿಗಳ ಮೇಲೊಂದು ಹರಟೆ

ಹಿತ್ತಿಲಮನೆ

ಎಲ್ಲರಿಗೂ ಒಂದು ಪ್ರಶ್ನೆ. ತಲೆ ಕೆಟ್ಟು, ಆಸ್ಪತ್ರೆ ಸೇರಿ, ಗುಣವಾಗಿ ಬಂದು, ಆಮೇಲೆ ಮಾತ್ರೆ ನುಂಗಿಕೊಂಡು, ಕೆಲಸಕ್ಕೆ ಹೋಗಿಕೊಂಡು, ಮನೆಯವರ ಜತೆ ಮಾಮೂಲಿ ಜಗಳ ಆಡಿಕೊಂಡು ಬದುಕುವ ಒಂದು ಪಾತ್ರ ಕನ್ನಡ ಸಿನಿಮಾದಲ್ಲಿದ್ದರೆ ಹೇಳಿ. ನಾನು ತುಂಬ ಯೋಚಿಸಿದೆ, ಸಿಗಲಿಲ್ಲ.

‘ಶರಪಂಜರ’ (1972) ನೋಡಿ. ಕಾವೇರಿಗೆ ಹೆರಿಗೆ ಆದಮೇಲೆ ಬುದ್ಧಿಭ್ರಮಣೆ ಆಗುತ್ತೆ, ಆಸ್ಪತ್ರೆಯಲ್ಲಿ ಗುಣವಾಗುತ್ತೆ, ಮನೆಗೆ ಬರ್ತಾಳೆ. ನಿಜವಾದ ಕಥೆ ಅಲ್ಲಿಂದ ಶುರು. ಗಂಡ ಹತ್ತಿರ ಬರಲ್ಲ, ಬಂಧುಗಳು ಒಂಥರಾ ನೋಡ್ತಾರೆ. ಕೊನೆಗೆ ಅವಳನ್ನು ಮತ್ತೆ ಅದೇ ಆಸ್ಪತ್ರೆಗೇ ಕಳಿಸಿ ಸಿನಿಮಾ ಮುಗಿಸಿಬಿಡ್ತಾರೆ. ‘ಮಾನಸ ಸರೋವರ’ದಲ್ಲಿ (1982) ರೋಗಿ ಹುಷಾರಾಗ್ತಾಳೆ, ಅವಳಿಗೆ ಚಿಕಿತ್ಸೆ ಕೊಟ್ಟ ಡಾಕ್ಟರಿಗೇ ಹುಚ್ಚು ಹಿಡಿಯುತ್ತೆ. ‘ಹುಚ್ಚ’ದಲ್ಲಿ (2001) ಇನ್ನೂ ಅನ್ಯಾಯ: ಹುಡುಗನಿಗೆ ಬುದ್ಧಿ ಸರಿಹೋಗಿದೆ, ಆಶ್ರಮದಿಂದ ತಪ್ಪಿಸಿಕೊಂಡು ಹುಡುಗಿಯ ಮನೆಗೆ ಬರ್ತಾನೆ, ಅವಳು ಸತ್ತಿರ್ತಾಳೆ, ಇವನು ತಾನಾಗಿ ಹುಚ್ಚರ ಗಾಡಿ ಹತ್ತಿ ವಾಪಸ್ ಹೋಗ್ತಾನೆ.

ನನ್ನ ದೂರು ಇಷ್ಟೇ. ಹುಚ್ಚಿನ ಒಳಗೆ ಕರಕೊಂಡು ಹೋಗೋ ದಾರಿ ನಮ್ಮ ಕಥೆಗಾರರಿಗೆ ಬಾಯಿಪಾಠ. ವಾಪಸ್ ಬರೋ ದಾರೀನ ಯಾರೂ ಬರೆದಿಲ್ಲ.

ಗಾಂಧಿನಗರ_ಗ್ಯಾಲರಿ

ಮೇಡಂ, ಕೈ ಮುಗಿದು ಹೇಳ್ತೀನಿ, ‘ಶರಪಂಜರ’ ನಿರ್ದೇಶಿಸಿದ ನಮ್ಮ ಪುಟ್ಟಣ್ಣನ ತಂಟೆಗೆ ಬರಬೇಡಿ 🙂

‘ಶರಪಂಜರ’ದ ಕೊನೆ ಹಾಗೇ ಇರಬೇಕಿತ್ತು. ಕಾವೇರಿ ಆರಾಮಾಗಿ ಬಾಳಿದಳು ಅಂತ ತೋರಿಸಿದ್ದಿದ್ದರೆ 1972ರ ಪ್ರೇಕ್ಷಕ ‘ಸದ್ಯ, ಒಳ್ಳೇದಾಯ್ತು’ ಅಂತ ಬೋಂಡ ತಿಂದು ಮನೆಗೆ ಹೋಗ್ತಿದ್ದ. ಅವಳನ್ನ ಎರಡನೇ ಸಲ ಹಾಳು ಮಾಡಿದ್ದು ಕಾಯಿಲೆ ಅಲ್ಲ, ಮನೆಯವರು ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದೆ ಆ ಸಿನಿಮಾ. ರಾಷ್ಟ್ರಪ್ರಶಸ್ತಿ ಸುಮ್ಮನೆ ಬಂದಿದ್ದಲ್ಲ.

ಇನ್ನೊಂದು ಮಾತು. ಗಂಡ ಸತೀಶನ ಪಾತ್ರ ನೋಡಿ. ಹೊಡೆಯಲ್ಲ, ಬಯ್ಯಲ್ಲ, ಮನೆಯಿಂದ ಆಚೆ ಹಾಕಲ್ಲ. ಒಳ್ಳೇ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಆಫೀಸಿಗೆ ಹೋಗ್ತಾನೆ, ಅಲ್ಲಿ ಇನ್ನೊಬ್ಬಳು. ಅಂಥ ಸಭ್ಯ ವಿಲನ್‌ನ ಕನ್ನಡ ಸಿನಿಮಾ ಅದಕ್ಕೆ ಮುಂಚೆ ತೋರಿಸಿತ್ತಾ?

ಹಿತ್ತಿಲಮನೆ

ಸತೀಶನ ಬಗ್ಗೆ ನೀವು ಹೇಳಿದ್ದು ಒಪ್ಪಿದೆ. ಆದರೆ ಸಿನಿಮಾ ಹೇಳಿದ್ದು ಒಂದು, ಊರು ಕೇಳಿಸಿಕೊಂಡಿದ್ದು ಇನ್ನೊಂದು. ನಮ್ಮ ಸಂಬಂಧದಲ್ಲೇ ಒಬ್ಬರಿಗೆ ಬಾಣಂತಿ ಸನ್ನಿ ಆಗಿತ್ತು. ಹುಷಾರಾಗಿ ಮಕ್ಕಳನ್ನ ಬೆಳೆಸಿ, ಮದುವೆನೂ ಮಾಡಿದರು. ಆದರೂ ಅವರು ಸ್ವಲ್ಪ ದನಿ ಏರಿಸಿದರೆ ಸಾಕು, ಅಡುಗೆಮನೆಯಲ್ಲಿ ಒಬ್ಬರಲ್ಲ ಒಬ್ಬರು ‘ಶರಪಂಜರದ ಕಾವೇರಿ’ ಅನ್ನೋರು. ಗಂಡನಿಗೆ ಯಾರೂ ‘ಸತೀಶ’ ಅನ್ನಲಿಲ್ಲ. ನೀವು ಹೇಳೋ ಪಾಠ ಜನಕ್ಕೆ ತಲುಪಿದ್ದಿದ್ದರೆ ಆ ಹೆಸರೂ ಬಳಕೆಗೆ ಬರಬೇಕಿತ್ತಲ್ಲ?

ಧಾರವಾಡ್_ಪೇಢಾ

ನಮ್ಮ ಕಡೆ ಯಾರರೆ ಒಂದೀಟು ಅಡ್ಡಾದಿಡ್ಡಿ ಮಾತಾಡಿದ್ರ ಸಾಕು, ‘ಇಂವನ್ನ ಧಾರವಾಡಕ್ಕ ಕಳಸ್ರಿ’ ಅಂತಾರ, ಹುಚ್ಚರ ದವಾಖಾನಿ ಅಲ್ಲೇ ಐತಲ್ಲ. ನಾ ಹುಟ್ಟಿದ್ದ ಧಾರವಾಡದಾಗ. ಬ್ಯಾರೆ ಊರಾಗ ‘ಯಾವೂರ್ರಿ’ ಅಂತ ಕೇಳಿದ್ರ ಹೇಳೂದ ಕಷ್ಟ ಆಗೇತಿ. ಬೇಂದ್ರೆ ಅಜ್ಜನ ಊರು, ಪೇಢಾದ ಊರು, ಮಲ್ಲಿಕಾರ್ಜುನ ಮನ್ಸೂರರ ಊರು, ಅದೆಲ್ಲಾ ಆಮ್ಯಾಲೆ ನೆನಪಾಗತೈತಿ ಮಂದಿಗೆ.

ಮಲ್ಲೇಶ್ವರಂ_8ನೇ_ಕ್ರಾಸ್

ನಮ್ಮಲ್ಲಿ ‘ನಿಮ್ಹಾನ್ಸ್‌ಗೆ ಸೇರಿಸಬೇಕು ಇವನನ್ನ’. ಬೆಂಗಳೂರಲ್ಲಿ ಎರಡು ಕಡೆ ಬೆಡ್ ಸಿಗಲ್ಲ ಬಿಡಿ, ಅದರಲ್ಲಿ ಅದೂ ಒಂದು.

ರಾತ್ರಿಪಾಳಿ

ಮನೋರೋಗ ವಿಭಾಗದಲ್ಲಿ ನರ್ಸ್ ಆಗಿ ಕೆಲಸ ಮಾಡಿದವಳು ನಾನು. ಎರಡು ವಿಷಯ ಹೇಳಿ ಸುಮ್ಮನಾಗ್ತೀನಿ.

ಒಂದು, ಬಾಣಂತಿ ಸನ್ನಿ. ಸಾವಿರ ಹೆರಿಗೆಗೆ ಒಂದೋ ಎರಡೋ ಆಗುತ್ತೆ. ಹೆಚ್ಚಾಗಿ ಮೊದಲ ಎರಡು ವಾರದಲ್ಲೇ ಶುರು. ನಿದ್ದೆ ಪೂರ್ತಿ ಹೋಗುತ್ತೆ, ಮಗು ತನ್ನದಲ್ಲ ಅನ್ನಿಸಬಹುದು, ಯಾರೋ ಮಾತಾಡಿದ ಹಾಗೆ ಕೇಳಬಹುದು. ನೋಡೋರಿಗೆ ಎದೆ ಝಲ್ ಅನ್ನೋ ಹಾಗಿರುತ್ತೆ. ಆದರೆ ಬೇಗ ಕರಕೊಂಡು ಬಂದರೆ ತುಂಬ ಚೆನ್ನಾಗಿ ಗುಣವಾಗೋ ಕಾಯಿಲೆಗಳಲ್ಲಿ ಇದೂ ಒಂದು. ಮುಂದಿನ ಹೆರಿಗೆಯಲ್ಲಿ ಮರುಕಳಿಸೋ ಸಂಭವ ಇದೆ, ಅದಕ್ಕೇ ಮೊದಲೇ ಡಾಕ್ಟರಿಗೆ ಹೇಳಬೇಕು. 2009ರಿಂದ ನಿಮ್ಹಾನ್ಸ್‌ನಲ್ಲಿ ತಾಯಿ–ಮಗು ಇಬ್ಬರನ್ನೂ ಒಟ್ಟಿಗೇ ದಾಖಲು ಮಾಡಿಕೊಳ್ಳೋ ವಿಭಾಗ ಇದೆ. ಅಂದರೆ ತಾಯಿಗೆ ಹುಷಾರಾಗುವಾಗ ಮಗು ಪಕ್ಕದಲ್ಲೇ ಇರುತ್ತೆ, ಹಾಲು ಕುಡಿಸೋದು, ಸ್ನಾನ ಮಾಡಿಸೋದು ಎಲ್ಲ ನಿಧಾನಕ್ಕೆ ಅವರ ಕೈಯಿಂದಲೇ ಮಾಡಿಸ್ತಾರೆ. ಇದನ್ನ ಯಾವ ಸಿನಿಮಾದಲ್ಲಾದರೂ ನೋಡಿದ್ದೀರಾ?

ಎರಡು, ಕರೆಂಟ್ ಶಾಕ್. ಸಿನಿಮಾದಲ್ಲಿ ನಾಲ್ಕು ಜನ ಅಮುಕಿ ಹಿಡ್ಕೋತಾರೆ, ರೋಗಿ ಕಿರುಚ್ತಾನೆ, ಬಲ್ಬು ಮಿಣಮಿಣ ಅನ್ನುತ್ತೆ. ಈಗ ನಡೆಯೋದು ಹೀಗೆ: ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬರ್ತಾರೆ. ಸಣ್ಣ ಅರಿವಳಿಕೆ ಕೊಡ್ತಾರೆ, ಸ್ನಾಯು ಸಡಿಲವಾಗೋ ಇಂಜೆಕ್ಷನ್ ಕೊಡ್ತಾರೆ, ಬಾಯಿಗೆ ಹಲ್ಲು ಕಚ್ಚದ ಹಾಗೆ ಒಂದು ತುಂಡು ಇಡ್ತಾರೆ. ಒಂದು ಕಾಲಿಗೆ ಬಿಪಿ ಪಟ್ಟಿ ಬಿಗಿದಿರ್ತಾರೆ, ಔಷಧಿ ಆ ಪಾದಕ್ಕೆ ಇಳೀಬಾರದು ಅಂತ. ಕರೆಂಟ್ ಕೊಟ್ಟಾಗ ಚಿಕಿತ್ಸೆಗೆ ಬೇಕಾದ ಫಿಟ್ಸ್ ಬಂತೋ ಇಲ್ವೋ ಅಂತ ನಾವು ಆ ಕಾಲಿನ ಬೆರಳು ನೋಡಿ ತಿಳ್ಕೋತೀವಿ. ಬೆರಳು ಸ್ವಲ್ಪ ಹೊತ್ತು ಅದುರುತ್ತೆ, ನಿಲ್ಲುತ್ತೆ. ಅಷ್ಟೇ ದೃಶ್ಯ. ಎಚ್ಚರ ಆದಮೇಲೆ ಕೆಲವರಿಗೆ ತಲೆನೋವು, ಸ್ವಲ್ಪ ಮರೆವು ಇರುತ್ತೆ, ಅದನ್ನ ಇಲ್ಲ ಅನ್ನಲ್ಲ. ಹೆಚ್ಚಿನವರು ಕೇಳೋದು ‘ಸಿಸ್ಟರ್, ಇಡ್ಲಿ ಬಂತಾ’ ಅಂತ.

ಅರಿವಳಿಕೆ ಇಲ್ಲದೆ ಶಾಕ್ ಕೊಡೋದನ್ನ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧ ಮಾಡಿದೆ. ಸರಪಳಿ ಹಾಕೋದನ್ನೂ.

ಗಾಂಧಿನಗರ_ಗ್ಯಾಲರಿ

ಸಿಸ್ಟರ್, ನೀವು ಹೇಳೋದು ಈಗಿನ ಮಾತು. ಎಪ್ಪತ್ತರ ದಶಕದಲ್ಲಿ ದೇಶದ ಎಷ್ಟೋ ಆಸ್ಪತ್ರೆಗಳಲ್ಲಿ ಅರಿವಳಿಕೆ ಇಲ್ಲದೇ ಕೊಡ್ತಿದ್ದರು ಅನ್ನೋದೂ ನಿಜ ತಾನೆ? ಆಗ ಜಾರಿಯಲ್ಲಿದ್ದ ಕಾನೂನಿನ ಹೆಸರೇ 1912ರ ‘ಲ್ಯೂನಸಿ ಆಕ್ಟ್’. ಹಳೇ ಸಿನಿಮಾಗಳು ಪೂರ್ತಿ ಸುಳ್ಳು ಹೇಳಲಿಲ್ಲ.

ರಾತ್ರಿಪಾಳಿ

ನಿಜ. ಹಳೇದಕ್ಕೆ ನನ್ನ ತಕರಾರಿಲ್ಲ. ಹೋದ ವರ್ಷದ ಧಾರಾವಾಹಿಯಲ್ಲೂ ಬಲ್ಬು ಮಿಣಮಿಣ ಅಂದರೆ ತಕರಾರಿದೆ. ಆ ಸೀನು ನೋಡಿದವರು ‘ನಮ್ಮ ಹುಡುಗನಿಗೆ ಅದೊಂದು ಬೇಡ’ ಅಂತ ಸಹಿ ಹಾಕದೆ ಎದ್ದು ಹೋಗ್ತಾರೆ. ಊಟ ನೀರು ಬಿಟ್ಟು ಮಲಗಿರೋ ರೋಗಿಯನ್ನ ಹಾಗೇ ವಾಪಸ್ ಕರಕೊಂಡು ಹೋಗೋದನ್ನ ನಾನು ನೋಡಿದ್ದೀನಿ.

ಕುಂದಾಪ್ರ_ಮಾಸ್ತರು

ಸಿನಿಮಾದವರನ್ನೇ ಯಾಕೆ ಹಿಡಕೊಂಡಿದ್ದೀರಿ, ಸಾಹಿತ್ಯಕ್ಕೂ ಬನ್ನಿ.

‘ಶರಪಂಜರ’ ಕಾದಂಬರಿ ಬರೆದ ತ್ರಿವೇಣಿ ಮನಶ್ಶಾಸ್ತ್ರ ಓದಿದವರು, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ. ಓದಿದ್ದನ್ನು ಕಾದಂಬರಿಗೆ ತಂದರು. ಅವರು ತೀರಿಕೊಂಡದ್ದು 1963ರಲ್ಲಿ. ಅವರದೇ ಕಾದಂಬರಿಯ ‘ಬೆಳ್ಳಿಮೋಡ’ ತೆರೆಗೆ ಬಂದದ್ದು 1967ರಲ್ಲಿ, ‘ಶರಪಂಜರ’ ಇನ್ನೂ ಐದು ವರ್ಷ ಬಿಟ್ಟು. ಒಂದನ್ನೂ ಅವರು ನೋಡಲಿಲ್ಲ. ಹಾಗಾಗಿ ‘ಶರಪಂಜರ’ ಅಂದ ಕೂಡಲೇ ಜನರಿಗೆ ಕಾವೇರಿಯಾಗಿ ನಟಿಸಿದ ಕಲ್ಪನಾ ಅವರ ನಗು ನೆನಪಾಗುತ್ತದೆಯೇ ಹೊರತು ಪುಸ್ತಕ ಅಲ್ಲ. ಆರ್ಕೆಸ್ಟ್ರಾದಲ್ಲಿ ಮಿಮಿಕ್ರಿಯವರು ಆ ನಗುವನ್ನು ತಮಾಷೆಗೆ ಮಾಡಿ ಮಾಡಿ ಅದರ ಸಂಕಟವೇ ಹೋಗಿಬಿಟ್ಟಿದೆ.

ಪುಸ್ತಕ ಓದಿ. ಗುಣವಾಗಿ ಬಂದ ಹೆಂಗಸಿನ ಒಳಗೆ ನಡೆಯುವ ಲೆಕ್ಕಾಚಾರ ಅಲ್ಲಿದೆ: ನಾನು ಈಗ ಅತ್ತರೆ ಇವರು ಏನಂದುಕೊಳ್ಳುತ್ತಾರೆ, ಸುಮ್ಮನಿದ್ದರೆ ಏನಂದುಕೊಳ್ಳುತ್ತಾರೆ. ಕೋಪ ಬರುವುದಕ್ಕೂ ಅವಳಿಗೆ ಪರವಾನಗಿ ಬೇಕು.

ಇನ್ನೊಂದು ಕಡೆಯಿಂದ ನೋಡಿದರೆ ನಮ್ಮಲ್ಲಿ ಹುಚ್ಚಿಗೆ ಗೌರವವೂ ಉಂಟು. ಕಾರಂತರು ತಮ್ಮ ಆತ್ಮಕಥೆಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಅಂತಲೇ ಹೆಸರಿಟ್ಟರು. ಅವರ ಮೂಕಜ್ಜಿಯನ್ನು ಊರು ಅರಳುಮರಳು ಅಂತ ಬದಿಗಿಟ್ಟಿತ್ತು, ಮೊಮ್ಮಗ ಸುಬ್ಬರಾಯ ಕಿವಿಗೊಟ್ಟದ್ದಕ್ಕೆ ನಮಗೆ ಆ ಕಾದಂಬರಿ ಸಿಕ್ಕಿತು. ವೈದೇಹಿಯವರ ‘ಅಕ್ಕು’ ಕತೆಯಲ್ಲಿ ಗಂಡ ಬಿಟ್ಟುಹೋದ ಹೆಂಗಸನ್ನು ಮನೆಯವರೆಲ್ಲ ಹುಚ್ಚಿ ಅನ್ನುತ್ತಾರೆ. ಆದರೆ ಆ ಮನೆಯೊಳಗಿನ ಸೋಗನ್ನು ಹರಿದುಹಾಕುವ ಮಾತು ಬರುವುದು ಅವಳ ಬಾಯಿಂದಲೇ. ಕಾರ್ನಾಡರ ತುಘಲಕ್ ಅಂತೂ ಸರಿಯೇ, ಲೋಕವೇ ಅವನನ್ನು ಹುಚ್ಚು ದೊರೆ ಅಂದಿತ್ತು, ಕಾರ್ನಾಡರು ಆ ಹುಚ್ಚಿಗೆ ಒಂದು ತರ್ಕ ಕೊಟ್ಟರು.

ಹುಚ್ಚರು ಸತ್ಯ ಹೇಳುತ್ತಾರೆ ಅನ್ನುವ ಈ ಎಳೆ ನಮ್ಮ ಸಾಹಿತ್ಯದ ದೊಡ್ಡ ಶಕ್ತಿ ಅಂತ ನನ್ನ ಅಭಿಪ್ರಾಯ.

ಲಿಥಿಯಂ_ಲಿಂಗಣ್ಣ

ಮಾಸ್ತರೇ, ನಮಸ್ಕಾರ. ನನಗೆ ಬೈಪೋಲಾರ್, ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಕುಸಿಯೋ ಕಾಯಿಲೆ. ಹೆಸರಲ್ಲೇ ಇದೆ ನೋಡಿ, ದಿನಾ ಅದಕ್ಕೆ ಲಿಥಿಯಂ ಮಾತ್ರೆ ನುಂಗೋನು.

ಆ ‘ಸತ್ಯ ಹೇಳುತ್ತಾರೆ’ ಅನ್ನೋದನ್ನ ದಯವಿಟ್ಟು ಬಿಡಿ. ನನಗೆ ಏರಿದಾಗ ನಾನು ಯಾವ ಸತ್ಯಾನೂ ಹೇಳಲಿಲ್ಲ, ಸಾಲ ಮಾಡಿದೆ. ಗಾರ್ಮೆಂಟ್ಸ್ ಶುರು ಮಾಡ್ತೀನಿ ಅಂತ ಹೊಲಿಗೆ ಮೆಷಿನ್ ತಂದು ಹಾಲ್ ತುಂಬ ಗುಡ್ಡೆ ಹಾಕಿದ್ದೆ. ಮನೆಯಲ್ಲಿ ಗುಂಡಿ ಹಾಕೋಕೂ ಬರದವನು ನಾನು. ರಾತ್ರಿಯೆಲ್ಲ ಎದ್ದು ಕೂತು ಲೆಕ್ಕ ಬರೀತಿದ್ದೆ, ಮೂರು ಗಂಟೆಗೆ ಭಾವನಿಗೆ ಫೋನ್ ಮಾಡಿ ಪಾರ್ಟ್ನರ್ ಆಗು ಅಂತ ಗದರ್ತಿದ್ದೆ. ಇದರಲ್ಲಿ ಸಮಾಜದ ಸೋಗು ಹರಿಯೋ ಅಂಥದ್ದು ಏನಿತ್ತು? ಹರಿದಿದ್ದು ನಮ್ಮ ಹೆಂಡತಿ ಚೀಟಿ ಹಾಕಿ ಕೂಡಿಟ್ಟ ದುಡ್ಡು.

ನಮ್ಮನ್ನ ರಾಕ್ಷಸ ಮಾಡಿದರೂ ಕಷ್ಟ, ಜ್ಞಾನಿ ಮಾಡಿದರೂ ಕಷ್ಟ. ಎರಡರಲ್ಲೂ ನಾವು ಇನ್ಯಾರದೋ ಕೆಲಸಕ್ಕೆ ಬರ್ತೀವಿ.

ಕುಂದಾಪ್ರ_ಮಾಸ್ತರು

ಲಿಂಗಣ್ಣನವರೇ, ನಿಮ್ಮ ಮಾತಿಗೆ ಬೆಲೆ ಕೊಟ್ಟೇ ಕೇಳುತ್ತೇನೆ. ಅಕ್ಕುವನ್ನು ಹಾಗೆ ಒರೆಸಿಹಾಕಲು ನನಗೆ ಮನಸ್ಸು ಬಾರದು. ಅವಳಿಗೆ ಬೈಪೋಲಾರ್ ಅಂತ ಯಾರೂ ಹೇಳಿಲ್ಲ. ಬೇಡವಾದ ಹೆಂಗಸನ್ನು ಹುಚ್ಚಿ ಅಂತ ಕರೆದು ಮೂಲೆಗೆ ಕೂರಿಸುವುದು ಬೇರೆ ಕಥೆ, ಕಾಯಿಲೆ ಬೇರೆ ಕಥೆ. ನಮ್ಮ ಕರಾವಳಿಯ ದೊಡ್ಡ ಮನೆಗಳಲ್ಲಿ ಅಂಥ ಹೆಂಗಸರು ಬೇಕಷ್ಟು ಇದ್ದರು.

ಲಿಥಿಯಂ_ಲಿಂಗಣ್ಣ

ಅದು ಸರಿ. ಹಾಗೆ ಬಿಡಿಸಿ ಹೇಳಿದರೆ ನನ್ನ ಜಗಳ ಇಲ್ಲ. ನಮ್ಮ ವಿಮರ್ಶಕರು ಎರಡನ್ನೂ ಕಲಸಿ ಒಂದೇ ಪಾತ್ರೆಗೆ ಸುರೀತಾರೆ, ಅದಕ್ಕೆ ಸಿಟ್ಟು.

ನನಗೆ ‘ಇದು ನಮ್ಮದು’ ಅನ್ನಿಸಿದ ಒಂದೇ ಪುಸ್ತಕ ಚಿತ್ತಾಲರ ‘ಶಿಕಾರಿ’. ನಾಗಪ್ಪ ಮುಂಬಯಿಯ ಕಂಪನಿಯಲ್ಲಿ ದೊಡ್ಡ ಕೆಲಸದಲ್ಲಿರ್ತಾನೆ, ಅವನ ಮೇಲೆ ಏನೋ ಪಿತೂರಿ ನಡೀತಿದೆ. ನಡೀತಿದೆಯಾ, ಅಥವಾ ಅವನಿಗೆ ಹಾಗನ್ನಿಸ್ತಿದೆಯಾ? ಫೋನ್ ರಿಂಗಾದರೆ ಅರ್ಥ, ರಿಂಗಾಗದಿದ್ದರೂ ಅರ್ಥ. ಯಾರೋ ನಕ್ಕರೆ ಅದಕ್ಕೊಂದು ಹಿನ್ನೆಲೆ. ಓದುತ್ತಾ ಓದುತ್ತಾ ನಾವೇ ಅನುಮಾನ ಪಡೋಕೆ ಶುರು ಮಾಡ್ತೀವಿ. 1979ರಲ್ಲಿ ಬಂದ ಪುಸ್ತಕ. ತಲೆ ಕೆದರಿಲ್ಲ, ಬಟ್ಟೆ ಹರಿದಿಲ್ಲ, ಟೈ ಕಟ್ಟಿಕೊಂಡಿರೋ ಮನುಷ್ಯ. ಹೊರಗಿನಿಂದ ಏನೂ ಕಾಣಿಸದ ಹಾಗೆ ಒಳಗೆ ಹೇಗೆ ಸುತ್ತುತ್ತೆ ಅನ್ನೋದು ಅಲ್ಲಿ ಇದೆ.

ಧಾರವಾಡ್_ಪೇಢಾ

ಚಿತ್ತಾಲರು ಸ್ವತಃ ಮುಂಬೈದಾಗ ಕೆಮಿಕಲ್ ಕಂಪನ್ಯಾಗ ಇದ್ದವರು. ಆಫೀಸಿನ ರಾಜಕೀಯ ಅವರಿಗೆ ಛಲೋ ಗೊತ್ತಿತ್ತು. ಅದಕ್ಕ ಅದು ಬರೀ ಹುಚ್ಚಿನ ಕತಿ ಅಲ್ರೀ, ನೌಕರಿ ಮಾಡೋ ಎಲ್ಲಾರ ಕತೀನೂ ಹೌದು.

ಮಲ್ಲೇಶ್ವರಂ_8ನೇ_ಕ್ರಾಸ್

ಅಪ್ರೈಸಲ್ ತಿಂಗಳಲ್ಲಿ ನಾನು ನಾಗಪ್ಪನೇ.

ಸಂಭಾಷಣೆಕಾರ

ಇಷ್ಟು ಹೊತ್ತು ಸುಮ್ಮನಿದ್ದೆ. ನಾನು ಧಾರಾವಾಹಿ, ಸಿನಿಮಾಗಳಿಗೆ ಬರೆಯೋನು, ಅಂದರೆ ಬಲ್ಬು ಮಿಣಮಿಣ ಅನ್ನಿಸೋ ಪಾರ್ಟಿ.

‘ಆಪ್ತಮಿತ್ರ’ದ (2004) ಬಗ್ಗೆ ಯಾರೂ ಮಾತಾಡಲಿಲ್ಲ ಯಾಕೆ? ನಾಗವಲ್ಲಿ ಅನ್ನೋ ಸತ್ತ ನರ್ತಕಿಯೇ ತಾನು ಅಂದುಕೊಳ್ಳೋ ಗಂಗಾ ಗುಣವಾಗ್ತಾಳಲ್ಲ. ಒಬ್ಬ ಮನೋವೈದ್ಯ ಹೀರೋ, ದೆವ್ವ ಅಲ್ಲ ಕಾಯಿಲೆ ಅಂತ ಹೇಳ್ತಾನೆ, ವಿಷ್ಣುವರ್ಧನ್ ಬಾಯಲ್ಲಿ ಹೇಳಿಸಿದ್ದಕ್ಕೆ ಹಳ್ಳಿಹಳ್ಳಿಗೂ ಮುಟ್ಟಿತು. ಮಲಯಾಳದ ‘ಮಣಿಚಿತ್ರತಾಳ್’ (1993) ಮೂಲ ಇರಬಹುದು, ಆದರೆ ಕನ್ನಡದಲ್ಲಿ ಅದು ವರ್ಷಗಟ್ಟಲೆ ಮಾತಾಯ್ತು. ನೀವು ಕೇಳಿದ ‘ವಾಪಸ್ ಬರೋ ದಾರಿ’ ಅಲ್ಲಿ ಇದೆ.

ಹಿತ್ತಿಲಮನೆ

ಎಲ್ಲಿದೆ ಸಾರ್? ನಾಗವಲ್ಲಿ ಮೈಮೇಲಿಂದ ಇಳಿದಳು, ಗಂಗಾ ಕಣ್ಣು ಬಿಟ್ಟಳು, ಏನೂ ನೆನಪಿಲ್ಲ, ಎಲ್ಲ ಶುಭಂ. ಅದು ದೆವ್ವ ಬಿಡಿಸೋ ಕಥೆಗೆ ಡಾಕ್ಟರ ಕೋಟು ತೊಡಿಸಿದ್ದು. ಆಮೇಲೆ ಗಂಗಾ ಯಾರ ಹತ್ತಿರ ತೋರಿಸಿಕೊಂಡಳು? ಗಂಡ ರಾತ್ರಿ ಪಕ್ಕದಲ್ಲಿ ಮಲಗೋಕೆ ಹೆದರಿದನಾ ಇಲ್ವಾ? ಅವಳಿಗೆ ಮಗು ಆಗೋ ಕಾಲಕ್ಕೆ ಅತ್ತೆ ಏನಂದರು?

ಒಂದೋ ಯಾವತ್ತೂ ಗುಣವಾಗಲ್ಲ, ಇಲ್ಲಾಂದ್ರೆ ರಾತ್ರೋರಾತ್ರಿ ಪೂರ್ತಿ ಗುಣ. ನಮ್ಮಲ್ಲಿ ಇರೋದು ಈ ಎರಡೇ ಕೊನೆ. ‘ಆಪ್ತರಕ್ಷಕ’ (2010) ಬರೋಷ್ಟರಲ್ಲಿ ಕಾಯಿಲೆ ಅನ್ನೋ ನೆಪವೂ ತೆಳ್ಳಗಾಗಿ ಮತ್ತೆ ಪ್ರೇತದ ಕಡೆಗೇ ವಾಲಿತು.

ಸಂಭಾಷಣೆಕಾರ

ಡಾಕ್ಟರು ಆಚಾರ್ಯರ ಜತೆ ಸೇರಿ ಪೂಜೆಯ ನಾಟಕ ಆಡಿಸ್ತಾನಲ್ಲ, ಅದನ್ನ ನೀವು ಹಗುರ ಮಾಡ್ತಿದ್ದೀರಿ. ನಮ್ಮ ಜನ ಮಾಡೋದೂ ಅದನ್ನೇ. ಬೆಳಗ್ಗೆ ದೇವಸ್ಥಾನ, ಮಧ್ಯಾಹ್ನ ಆಸ್ಪತ್ರೆ, ಗುರುವಾರ ದರ್ಗಾ.

ರಾತ್ರಿಪಾಳಿ

ಇದರಲ್ಲಿ ಸಂಭಾಷಣೆಕಾರರ ಪಕ್ಷ ನಾನು. ತಮಿಳುನಾಡಿನ ಒಂದು ದೇವಸ್ಥಾನದಲ್ಲಿ ಬಂದು ಉಳಿಯೋ ಮನೋರೋಗಿಗಳನ್ನ ನಿಮ್ಹಾನ್ಸ್‌ನವರೇ ಗಮನಿಸಿ ಬರೆದ ವರದಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದಿತ್ತು. ಮಂತ್ರ ತಂತ್ರ ಏನಿಲ್ಲ, ನೆರಳು, ಊಟ, ಸಣ್ಣಪುಟ್ಟ ಕೆಲಸ, ಬಯ್ಯದ ಜನ. ಅಲ್ಲಿ ಕೆಲ ವಾರ ಇದ್ದವರಲ್ಲಿ ಲಕ್ಷಣಗಳು ಸ್ವಲ್ಪ ಕಡಿಮೆಯಾಗಿದ್ದವು.

ಆದರೆ ಇದರ ಇನ್ನೊಂದು ಮುಖ ಏರ್ವಾಡಿ. 2001ರ ಆಗಸ್ಟ್ 6, ರಾಮನಾಥಪುರ ಜಿಲ್ಲೆಯ ಆ ದರ್ಗಾ ಊರಲ್ಲಿ ಖಾಸಗಿಯವರು ನಡೆಸ್ತಿದ್ದ ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿ ಹಾಕಿ ಕಟ್ಟಿದ್ದರಿಂದ ಓಡೋಕಾಗದೆ 28 ಜನ ಸುಟ್ಟು ಸತ್ತರು. ಸುಪ್ರೀಂ ಕೋರ್ಟ್ ತಾನಾಗಿ ಕೇಸು ಕೈಗೆತ್ತಿಕೊಂಡಿತು.

ಹಿತ್ತಿಲಮನೆ

ಅದೇ 2001ರಲ್ಲಿ ‘ಹುಚ್ಚ’ ನಮ್ಮಲ್ಲಿ ಓಡ್ತಿತ್ತು. ಸರಪಳಿ ಹಾಕಿಸಿಕೊಂಡ ಹೀರೋ ಪೋಸ್ಟರಿನಲ್ಲಿ ಮಾಸ್ ಆಗಿ ಕಾಣೋನು, ‘ಉಸಿರೇ ಉಸಿರೇ’ ಆಟೋಗಳಲ್ಲೆಲ್ಲ. ಮೂಲ ತಮಿಳಿನ ‘ಸೇತು’. ಪ್ರೀತಿಗಾಗಿ ಹುಚ್ಚನಾದವನ ಸರಪಳಿ ಶೋಭೆ, ಏರ್ವಾಡಿಯವರ ಸರಪಳಿ ಸುದ್ದಿ.

ಗಾಂಧಿನಗರ_ಗ್ಯಾಲರಿ

ಸುದೀಪ್‌ಗೆ ಬ್ರೇಕ್ ಕೊಟ್ಟ ಸಿನಿಮಾ ಅದು ಮೇಡಂ, ಸರಪಳಿ ಮಾತ್ರ ನೋಡಿದರೆ ಹೇಗೆ. ಆದರೆ ಸರಿ, ಆ ಆಶ್ರಮದ ದೃಶ್ಯಗಳನ್ನ ಈಗ ನೋಡೋಕೆ ಆಗಲ್ಲ ಅನ್ನೋದು ಒಪ್ಪಿದೆ.

ಮತ್ತೆ ‘ಮೆಂಟಲ್ ಮಂಜ’, ‘ಸೈಕೋ’, ಇವುಗಳ ಬಗ್ಗೆ ಮಾತಾಡೋದೇ ಬೇಡ ಅಂತೀನಿ. ಹೆಸರಷ್ಟೇ ಹುಚ್ಚು, ಒಳಗೆ ಮಾಮೂಲಿ ಮಸಾಲೆ.

ಕರಿಕೋಟು

ವಕೀಲಿಕೆ ಕಡೆಯಿಂದ ಒಂದು ಮಾತು. ಹೆಂಡತಿಗೆ ಸ್ಕಿಜೋಫ್ರೇನಿಯಾ (ಭ್ರಮೆಗಳು ಕಾಡೋ ಮನೋರೋಗ), ವಿಚ್ಛೇದನ ಕೊಡಿ ಅಂತ ಬಂದ ಒಂದು ಕೇಸಿನಲ್ಲಿ 1988ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬರೆದದ್ದು ನಮ್ಮ ಎಂ.ಎನ್. ವೆಂಕಟಾಚಲಯ್ಯನವರು. ಕಾಯಿಲೆಗೆ ಒಂದು ಹೆಸರಿದೆ ಅಂದ ಮಾತ್ರಕ್ಕೆ ಸಾಲದು, ಆ ಕಾಯಿಲೆ ಎಷ್ಟರ ಮಟ್ಟಿಗಿದೆ, ಜತೆಯಲ್ಲಿ ಬಾಳೋಕೆ ಸಾಧ್ಯವೇ ಇಲ್ಲ ಅನ್ನುವಷ್ಟಿದೆಯಾ ಅನ್ನೋದನ್ನ ಸಾಬೀತು ಮಾಡಬೇಕು ಅಂತ ಅದರ ತಿರುಳು. ಈಗಲೂ ಗಂಡಂದಿರು ಡಾಕ್ಟರ ಚೀಟಿ ಒಂದನ್ನ ಹಿಡ್ಕೊಂಡು ಬರ್ತಾರೆ, ನಾವು ಆ ತೀರ್ಪು ತೋರಿಸ್ತೀವಿ.

ಕಾವೇರಿ ಪರವಾಗಿ ವಕಾಲತ್ತು ಹಾಕಿದ್ದರೆ ಕೇಸು ಗೆಲ್ತಿದ್ದೆ. ಮನೆ ಗೆದ್ದುಕೊಡೋಕೆ ಆಗ್ತಿರಲಿಲ್ಲ, ಅದು ಬೇರೆ.

ಧಾರವಾಡ್_ಪೇಢಾ

‘ಹುಚ್ಚು ಬಿಡದ ಮದಿವಿ ಆಗಂಗಿಲ್ಲ, ಮದಿವಿ ಆಗದ ಹುಚ್ಚು ಬಿಡಂಗಿಲ್ಲ.’ ಇದನ್ನ ನಂಬಿ ಎಷ್ಟು ಮಂದಿ ಹೇಳದ ಕೇಳದ ಲಗ್ನಾ ಮಾಡ್ಯಾರ ಅಂತ ಕೇಳಬ್ಯಾಡ್ರಿ. ಲಗ್ನಾದ ಮರುದಿನಾನ ಗುಳಿಗಿ ಬಂದ್ ಮಾಡಸ್ತಾರ, ಗಂಡನ ಮನಿಯವರಿಗೆ ಕಾಣಬಾರ್ದು ಅಂತ. ಆಮ್ಯಾಲೆ ಆರು ತಿಂಗಳದಾಗ ಧಾರವಾಡ.

ರಾತ್ರಿಪಾಳಿ

ಪೇಢಾ ಅವರ ಮಾತು ನೂರಕ್ಕೆ ನೂರು. ಮದುವೆ ಸೀಸನ್ ಮುಗಿದ ಮೇಲೆ ವಾರ್ಡ್ ತುಂಬುತ್ತೆ ಅಂತ ನಾವು ನಾವೇ ಮಾತಾಡ್ಕೋತಿದ್ವಿ.

ನಿರ್ವಾಹಕ

ಚರ್ಚೆ ಚೆನ್ನಾಗಿ ನಡೀತಿದೆ, ಮುಂದುವರಿಸಿ. ಓದ್ತಿರೋರಲ್ಲಿ ಯಾರಿಗಾದರೂ ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು. ಯಾರೂ ಇಲ್ಲಿ ಇನ್ನೊಬ್ಬರಿಗೆ ಮಾತ್ರೆ ಬಿಡಿ, ಹಿಡಿ ಅಂತ ಸಲಹೆ ಕೊಡಬೇಡಿ. ಅಂಥ ಒಂದು ಕಾಮೆಂಟ್ ತೆಗೆದಿದ್ದೀನಿ.

ಕುಂದಾಪ್ರ_ಮಾಸ್ತರು

ಹಳಬರೊಬ್ಬರ ನೆನಪಾಯಿತು. ಡಾಕ್ಟರ್ ಎಂ. ಶಿವರಾಂ, ‘ರಾಶಿ’ ಅಂತ ಹೆಸರಾದವರು, ‘ಕೊರವಂಜಿ’ ಹಾಸ್ಯ ಪತ್ರಿಕೆ ನಡೆಸಿದವರು. ಅವರಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ನಗೆಬರಹಕ್ಕಲ್ಲ, ‘ಮನಮಂಥನ’ ಅನ್ನುವ ಪುಸ್ತಕಕ್ಕೆ. ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ಬರೆದದ್ದು. ನಗಿಸುವವರಿಗೇ ಈ ವಿಷಯ ಹೆಚ್ಚು ಒಲಿಯುತ್ತದೋ ಏನೋ. ಲಿಂಗಣ್ಣನವರ ಹೊಲಿಗೆ ಮೆಷಿನ್ ಓದಿ ಹಾಗನ್ನಿಸಿತು.

ಹಿತ್ತಿಲಮನೆ

ಒಂದು ಸಿನಿಮಾಗೆ ಮಾತ್ರ ನಾನು ತಲೆಬಾಗ್ತೀನಿ, ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016). ಅಲ್ಝೈಮರ್ ಇರೋ ವೆಂಕೋಬ ರಾವ್ ಆಗಿ ಅನಂತನಾಗ್. ಕಾಯಿಲೆ ವಾಸಿ ಆಗಲ್ಲ ಅಂತ ಸಿನಿಮಾಗೆ ಗೊತ್ತು, ಮಗನಿಗೂ ಕೊನೆಗೆ ಗೊತ್ತಾಗುತ್ತೆ. ಆದರೂ ಕಥೆ ಅಲ್ಲಿ ಸಾಯಲ್ಲ. ಮಧ್ಯದಲ್ಲಿ ಆ ರೌಡಿಗಳ ಗಲಾಟೆ ಯಾಕೆ ಬೇಕಿತ್ತೋ, ಅದು ನನಗೆ ಬೇಡವಾಗಿತ್ತು.

ಲಿಥಿಯಂ_ಲಿಂಗಣ್ಣ

ಮರೆವಿನ ಕಾಯಿಲೆಗೆ ಜನ ಮರುಗ್ತಾರೆ ಮೇಡಂ, ವಯಸ್ಸಾದವರು ಅಂತ. ನನ್ನಂಥ ನಲವತ್ತರ ಗಂಡಸಿಗೆ ಬಂದರೆ ‘ಕುಡಿದಿದ್ದಾನೆ’ ಅಂತಾರೆ. ಆದರೆ ಅನಂತನಾಗ್ ವಿಷಯದಲ್ಲಿ ಜಗಳ ಇಲ್ಲ.

ಹಾಲಿವುಡ್ಡಿನ ‘ಎ ಬ್ಯೂಟಿಫುಲ್ ಮೈಂಡ್’ ಕೂಡ ಯಾರಾದರೂ ತರ್ತೀರಿ ಅಂತ ಕಾಯ್ತಿದ್ದೆ. ಅದರಲ್ಲಿ ಗಣಿತಜ್ಞ ಜಾನ್ ನ್ಯಾಶ್ ಹೊಸ ಔಷಧಿ ತಗೋತಿದ್ದೀನಿ ಅಂತಾನೆ. ನಿಜಜೀವನದಲ್ಲಿ ಆತ 1970ರಿಂದ ಈಚೆಗೆ ಔಷಧಿ ತಗೊಂಡಿರಲಿಲ್ಲ. ನೋಡಿದವರು ಮಾತ್ರೆ ಬಿಟ್ಟುಬಿಡಬಾರದು ಅಂತ ಸಿನಿಮಾದವರು ಬದಲಾಯಿಸಿದರು. ಕೆಲವರಿಗೆ ಅದು ಮೋಸ ಅನ್ನಿಸಿತು, ನನಗೆ ಅನ್ನಿಸಲಿಲ್ಲ.

ಸಂಭಾಷಣೆಕಾರ

ಸರಿ ಲಿಂಗಣ್ಣ, ನೇರ ಕೇಳ್ತೀನಿ. ನಾನು ಬರೀತೀನಿ ಅಂತ ಇಟ್ಕೊಳ್ಳಿ. ಹುಷಾರಾಗಿ ಮನೆಗೆ ಬಂದವನ ಬದುಕಿನಲ್ಲಿ ಸೀನ್ ಯಾವುದು? ‘ಅವನು ಮಾತ್ರೆ ನುಂಗಿದ, ಆಫೀಸಿಗೆ ಹೋದ’ ಅಂತ ಬರೆದರೆ ಡೈರೆಕ್ಟರು ಪೇಪರ್ ಹರೀತಾರೆ. ಜಗಳ ಬೇಕು, ಏರಿಳಿತ ಬೇಕು.

ಲಿಥಿಯಂ_ಲಿಂಗಣ್ಣ

ಜಗಳಕ್ಕೇನು ಬರ ಸಾರ್.

ಮಗಳ ಬರ್ತ್‌ಡೇ. ನಾನು ಒಂದು ಜೋಕ್ ಹೇಳಿ ನಾನೇ ಜೋರಾಗಿ ನಕ್ಕೆ. ಹೆಂಡತಿ ಕೇಕ್ ಕತ್ತರಿಸ್ತಿದ್ದವಳು ನನ್ನ ಮುಖ ನೋಡಿದಳು, ಭಾವ ನೋಡಿದ, ಅತ್ತೆ ನೋಡಿದರು. ಹೆಂಡತಿ ಹತ್ತಿರ ಬಂದು ಪಿಸುಗುಟ್ಟಿದಳು, ‘ರೀ, ಮಾತ್ರೆ ತಗೊಂಡ್ರಾ?’ ನಾನು ಬರೀ ಖುಷಿಯಾಗಿದ್ದೆ. ಖುಷಿಯಾಗಿದ್ದೀನಿ ಅಂತ ಸಾಬೀತು ಮಾಡೋಕೆ ಆಮೇಲೆ ಒಂದು ಗಂಟೆ ಸುಮ್ಮನೆ ಕೂತೆ. ಸುಮ್ಮನೆ ಕೂತಿದ್ದಕ್ಕೆ ಅತ್ತೆ ಕೇಳಿದರು, ‘ಯಾಕೋ ಮಂಕಾಗಿದಾರಲ್ಲ’.

ಇನ್ನೊಂದು. ಲಿಥಿಯಂ ಮಟ್ಟ ನೋಡೋ ರಕ್ತ ಪರೀಕ್ಷೆಗೆ ರಾತ್ರಿ ಮಾತ್ರೆ ತಗೊಂಡು ಹನ್ನೆರಡು ಗಂಟೆ ಆಗಿರಬೇಕು, ಬೆಳಗಿನದು ತಗೊಂಡಿರಬಾರದು. ಆಫೀಸಿಗೆ ಲೇಟು. ಮ್ಯಾನೇಜರ್ ‘ಏನ್ರೀ ಪದೇ ಪದೇ ಬ್ಲಡ್ ಟೆಸ್ಟು’ ಅಂತಾರೆ. ನಾನು ‘ಥೈರಾಯ್ಡ್ ಸಾರ್’ ಅಂತೀನಿ. ಅದೂ ಚೆಕ್ ಮಾಡ್ತಾರೆ, ಹಾಗಾಗಿ ಪೂರ್ತಿ ಸುಳ್ಳಲ್ಲ. ಕೈ ಸಣ್ಣಗೆ ನಡುಗುತ್ತೆ, ಮೀಟಿಂಗಿನಲ್ಲಿ ಸಾಸರ್ ಮೇಲೆ ಕಪ್ಪು ಟಕಟಕ ಅನ್ನುತ್ತೆ, ಅದಕ್ಕೆ ಕಾಫಿ ಬೇಡ ಅಂತೀನಿ. ನಾನು, ಹಾಸನದೋನು, ಕಾಫಿ ಬೇಡ ಅಂತೀನಿ! ಇದಕ್ಕಿಂತ ದುರಂತ ಬೇಕಾ?

ಹೆಂಡತಿ ಮೇಲೆ ಸಿಟ್ಟಿಲ್ಲ. ಆ ಚೀಟಿ ದುಡ್ಡು ಅವಳದು. ಅವಳು ಕೇಳೋದೂ ನ್ಯಾಯ, ನನಗೆ ಮೈ ಉರಿಯೋದೂ ನ್ಯಾಯ. ಬರೀರಿ ಇದನ್ನ.

ಸಂಭಾಷಣೆಕಾರ

ಬರ್ತ್‌ಡೇ ಸೀನು ಕೊಡ್ತೀರಾ? ಸತ್ಯವಾಗಿ ಕೇಳ್ತಿದ್ದೀನಿ.

ಲಿಥಿಯಂ_ಲಿಂಗಣ್ಣ

ತಗೊಳ್ಳಿ. ಹೆಸರು ಬದಲಾಯಿಸಿ, ಮತ್ತೆ ಹಿನ್ನೆಲೆಯಲ್ಲಿ ಪಿಟೀಲು ಹಾಕಬೇಡಿ.

ಧಾರವಾಡ್_ಪೇಢಾ

ಹಂಗಾರ ನನ್ನದೂ ಒಂದು ತಗೋರಿ. ಎಂಬತ್ತರ ದಶಕದಾಗ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲಾದಾಗ ಹಳ್ಳಿ ದವಾಖಾನಿ ಡಾಕ್ಟರಗೋಳಿಗೆ, ಆರೋಗ್ಯ ಕಾರ್ಯಕರ್ತರಿಗೆ ಮನೋರೋಗದ ಟ್ರೇನಿಂಗ್ ಕೊಟ್ಟು, ಊರಾಗ ಗುಳಿಗಿ ಸಿಗೂ ಹಂಗ ಮಾಡಿದ್ರು. ಆಮ್ಯಾಲೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕ ಅದ ಮಾದರಿ ಆತು. ಸೈಕಲ್ ಮ್ಯಾಲೆ ಗುಳಿಗಿ ಹೊತ್ತು ಬರೋ ಕಾರ್ಯಕರ್ತ, ಬಳ್ಳಾರಿ ಬಿಸಲು, ಮನ್ಯಾಗ ಕಟ್ಟಿ ಹಾಕಿದ ಒಬ್ಬ ಹುಡುಗ. ಕತಿ ಕಾಲಬುಡಕ ಬಿದ್ದೈತಿ.

ಗಾಂಧಿನಗರ_ಗ್ಯಾಲರಿ

ಎಲ್ಲ ಸರಿ, ಪ್ರೊಡ್ಯೂಸರ್ ಕೇಳೋ ಮೊದಲ ಪ್ರಶ್ನೆ ನಾನೇ ಕೇಳ್ತೀನಿ: ಇಂಟರ್ವಲ್ ಎಲ್ಲಿ?

ಲಿಥಿಯಂ_ಲಿಂಗಣ್ಣ

ಹೀರೋ ‘ನಾನು ಈಗ ಸರಿಹೋದೆ’ ಅಂತ ಮಾತ್ರೆ ಪಟ್ಟಿ ಕಸದ ಬುಟ್ಟಿಗೆ ಹಾಕೋ ಕಡೆ. ನೋಡ್ತಿರೋರಲ್ಲಿ ಯಾರಿಗೆ ಎದೆ ಹೊಡ್ಕೊಳ್ಳುತ್ತೋ ಅವರ ಮನೆಯಲ್ಲಿ ಒಬ್ಬರು ಇದ್ದಾರೆ ಅಂತ ಲೆಕ್ಕ.

ಹಿತ್ತಿಲಮನೆ

ಕೊನೆ ಮಾತ್ರ ನನಗೆ ಕೇಳಿ ಬರೀರಿ ಸಂಭಾಷಣೆಕಾರರೇ. ಮತ್ತೆ ಆಸ್ಪತ್ರೆಗೆ ಕಳಿಸಿದರೂ ಪರವಾಗಿಲ್ಲ, ಮರುಕಳಿಸೋದು ನಿಜವಾಗಲೂ ಆಗುತ್ತೆ. ಆದರೆ ಅಲ್ಲಿಗೆ ‘ಶುಭಂ’ ಹಾಕಬೇಡಿ, ಅಲ್ಲಿಂದ ಎರಡನೇ ಸಲ ಮನೆಗೆ ಬರೋದನ್ನೂ ತೋರಿಸಿ. ಗ್ಯಾಲರಿ ಸಾರ್ ಪುಟ್ಟಣ್ಣನ ಆಣೆ ಹಾಕಿ ಗಲಾಟೆ ಮಾಡ್ತಾರೆ, ಮಾಡ್ಲಿ.

ಗಾಂಧಿನಗರ_ಗ್ಯಾಲರಿ

ಮಾಡ್ತೀನಿ. ಆದರೆ ಫಸ್ಟ್ ಡೇ ಫಸ್ಟ್ ಶೋ ಟಿಕೆಟ್ ತಗೊಂಡೇ ಮಾಡ್ತೀನಿ.